ಚಿಗರಿಯ ಕಣ್ಣು, ಅವ್ವನ ಮುಖ

ಹೋದ ಚಳಿಗಾಲದಲ್ಲಿ ಆಳಂದದ ಸದ್ಭಕ್ತರೊಬ್ಬರ ಮನೆಗೆ ಶಿವಗಣಾರಾಧನೆಯ ನಿಮಿತ್ತ ಹೋಗಿದ್ದೆವು. ಲಿಂಗೈಕ್ಯರಾದ ತಾಯಿಯ ಭಾವಚಿತ್ರಕ್ಕೆ ಹೂಮಾಲೆ ಹಾಕಿದ್ದರು. ಗುರುತಿನ ಚೀಟಿಯಲ್ಲಿದ್ದ ಚಿಕ್ಕ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರಿಂದ ಕಣ್ಣುಗಳೆರಡೂ ಮಸಕಾಗಿದ್ದವು. “ನಮ್ಮ ಅವ್ವ ಹಿಂಗಿರಲಿಲ್ರಿ ಶಾಸ್ತ್ರಿಗಳೆ” ಎಂದು ಹಿರಿಯ ಮಗನು ಕಣ್ಣೊರೆಸಿಕೊಂಡನು. ಆತನ ಬಳಿ ಬೆಲೆಯುಳ್ಳ ಕ್ಯಾಮೆರಾ ಇದ್ದಿತು. ಅಫಜಲಪುರ, ಜೇವರ್ಗಿ ಕಡೆಯ ಹೊಲಗಳಲ್ಲಿ ತೆಗೆದ ಚಿಗರಿಗಳ ನೂರಾರು ಚಿತ್ರಗಳು ಅದರಲ್ಲಿದ್ದವು. ಹೆಚ್ಚಿನವುಗಳಲ್ಲಿ ಕಾಣುತ್ತಿದ್ದುದು ಓಡಿಹೋಗುವ ಪ್ರಾಣಿಯ ಬೆನ್ನು ಮಾತ್ರ. ಮೋಟಾರ್ ಸೈಕಲ್ಲಿನ ಮೇಲೆ ಬೆನ್ನಟ್ಟಿ ತೆಗೆದೆನೆಂದು ಆತನೇ ಒಪ್ಪಿಕೊಂಡನು. ಚಿಗರಿಯ ಮುಖವನ್ನು ಅವಸರದಿಂದ ಕಳೆದುಕೊಂಡನು, ತಾಯಿಯ ಮುಖವನ್ನು ಅಲಕ್ಷ್ಯದಿಂದ.

ಚಿಗರಿಯೆಂದರೆ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿ ರಕ್ಷಣೆ ಪಡೆದ ಪ್ರಾಣಿ. ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡಬಲ್ಲುದು. ತಾಯಿ ತನ್ನ ಎಳೆಮರಿಯನ್ನು ಹುಲ್ಲಿನಲ್ಲಿ ಮರೆಮಾಡಿ ತಾನು ದೂರದಲ್ಲಿ ಮೇಯುವುದು. ಬೆನ್ನಟ್ಟಿದರೆ ತಾಯಿ-ಮರಿಗಳು ಅಗಲುವವು. ತೊಗರಿ, ಜೋಳದ ಬೆಳೆಯೂ ತುಳಿತಕ್ಕೆ ಸಿಕ್ಕುವುದು. ಮೊದಲೇ ಚಿಗರಿಹಿಂಡಿನಿಂದ ಬೆಳೆ ಕಳೆದುಕೊಂಡ ರೈತನಿಗೆ ಅದು ಎರಡನೆಯ ಪೆಟ್ಟು. ಆದುದರಿಂದ ಹೊಲದೊಡೆಯನ ಅಪ್ಪಣೆ ಪಡೆದು, ಬೆಳಗಿನ ಹೊತ್ತು ಬದುವಿನ ಮರೆಯಲ್ಲಿ ಕುಳಿತು ಕಾಯತಕ್ಕದ್ದು. ಹಿಂಡು ಮೇವು ಬಿಟ್ಟು ತಲೆಯೆತ್ತಿ ನಮ್ಮನ್ನೇ ನೋಡತೊಡಗಿದರೆ ಮುಂದೆ ಹೆಜ್ಜೆಯಿಡಬಾರದು.

ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ರಾಜ್ಯದ ಮಂತ್ರಿಗಳಾಗಿದ್ದವರು; ವನ್ಯಜೀವಿಗಳ ಕಪ್ಪು-ಬಿಳುಪು ಚಿತ್ರಗಳಿಂದಲೂ ಹೆಸರಾದವರು. 1983ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರೇ ಬಿಸಿಲು-ನೆರಳುಗಳೆಂಬ ಅರ್ಥದ್ದು. ಛಾಯಾಚಿತ್ರಕಾರನು ಮೊದಲು ಅರಿಯಬೇಕಾದುದು ಬೆಳಕನ್ನೇ. ಗಂಡು ಚಿಗರಿಯ ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಕ್ಯಾಮೆರಾ ಕಪ್ಪನ್ನೇ ಅಳತೆಗೆ ಹಿಡಿದರೆ ಬಿಳುಪು ಸುಟ್ಟಂತಾಗಿ ಗೆರೆಯೊಂದೂ ಉಳಿಯದು. ನಮ್ಮ ಹಿರಿಯರ ಹಣೆಯ ವಿಭೂತಿಗೂ ಬಿಸಿಲಿನಲ್ಲಿ ಇದೇ ಗತಿ. ಎರಡಕ್ಕೂ ಮದ್ದು ಒಂದೇ: ಬಿಳುಪಿನಲ್ಲಿ ವಿವರ ಕಾಣುವವರೆಗೆ ಬೆಳಕಿನ ಪ್ರಮಾಣವನ್ನು ತುಸು ತಗ್ಗಿಸುವುದು.

ಇನ್ನುಳಿದ ನಿಯಮಗಳೂ ಸರಳ. ಓಡುವ ಪ್ರಾಣಿಗೆ ಸೆಕೆಂಡಿನ 1000ನೆಯ ಒಂದು ಭಾಗದ ಶಟರ್ ವೇಗ ಬೇಕು. ಕುಳಿತ ಮನುಷ್ಯನಿಗೆ 125ನೆಯ ಒಂದು ಭಾಗ ಸಾಕು. ಪ್ರಾಣಿಯಾಗಲಿ ಮನುಷ್ಯನಾಗಲಿ, ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಕಣ್ಣು ಸ್ಪಷ್ಟವಾಗಿರಬೇಕು. ಮೊಬೈಲನ್ನು ಮುಖದ ತೀರ ಸಮೀಪಕ್ಕೆ ಒಯ್ದರೆ ಮೂಗು ದೊಡ್ಡದಾಗಿ ಕಾಣುವುದು. ನಾಲ್ಕಾರು ಅಡಿ ಹಿಂದೆ ನಿಲ್ಲುವುದು ಲೇಸು.

ಆ ಮನೆಯ ಯಜಮಾನರು, ಎಂಬತ್ತು ದಾಟಿದವರು, ಇನ್ನೂ ಇದ್ದಾರೆ. ಮರುದಿನ ಮುಂಜಾನೆ ಅವರನ್ನು ತಲಬಾಗಿಲ ಒಳಗೆ, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಕೂರಿಸಲು ಮಗನಿಗೆ ಹೇಳಿದೆವು. ಮೊದಲ ಚಿತ್ರದಲ್ಲಿ ಮುಖ ಬಿಗಿದಿತ್ತು. ಎರಡನೆಯದರಲ್ಲಿ ವಿಭೂತಿ ಬರಿಯ ಬಿಳಿ ಕಲೆಯಾಯಿತು. ಆತನು ಬೆಳಕು ತಗ್ಗಿಸಿಕೊಂಡನು. ನಾವು ಹಿರಿಯರನ್ನು ಅವರು ಸಾಕಿದ್ದ ಎತ್ತಿನ ಜೋಡಿಯ ಮಾತಿಗೆ ಎಳೆದೆವು. ಅವರು ನಕ್ಕರು; ಮಗನು ಗುಂಡಿಯೊತ್ತಿದನು. ವಿಭೂತಿಯ ಮೂರೂ ಗೆರೆಗಳು ಎಣಿಸುವಂತೆ ಮೂಡಿದ್ದವು. “ಇದು ನಮ್ಮಪ್ಪ” ಎಂದನು ಮಗ. ಮುಂದೆ ಮಾತಾಡಲಿಲ್ಲ.

ಓದುಗ ಬಂಧುಗಳ ಮನೆಗಳಲ್ಲಿಯೂ ಹಿರಿಯರಿರುವರು. ಹಬ್ಬ ಬರಲೆಂದು ಕಾಯದೆ, ಈ ತಿಂಗಳಲ್ಲಿಯೇ ಒಂದು ಮುಂಜಾನೆ ಅವರ ಎದುರು ಕುಳಿತುಕೊಳ್ಳಿರಿ. ತೆಗೆದ ಚಿತ್ರವನ್ನು ಮೊಬೈಲಿನಲ್ಲೇ ಬಿಡದೆ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ಊರು, ದಿನಾಂಕ ಬರೆದಿಡಿರಿ.