ಎರಡನೇ ಅಂಗಿಗೆ ಧರ್ಮ ಹಚ್ಚಬೇಡಿ

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ. ಆಫೀಸಿನ ಕೆಲಸ, ಸೋಮಾರಿತನ, ಜೊತೆಗೆ "ಬರೆದು ಏನಾಗಬೇಕು ಬಿಡು" ಅನ್ನೋ ಬೇಸರ... ಹೀಗೇ ಮುಂದಕ್ಕೆ ಹೋಗ್ತಾ ಇತ್ತು. ಮೊನ್ನೆ ಊರಿಗೆ ಹೋದಾಗ (ನಮ್ಮೂರು ಚಿಂಚೋಳಿ) ಚಹಾದಂಗಡಿ ಮುಂದೆ ಮತ್ತೆ ಅದೇ ಜಗಳ ಕಿವಿಗೆ ಬಿತ್ತು. ಟೀಮ್ ಇಂಡಿಯಾ ಜೆರ್ಸಿಯಲ್ಲಿ ಕೇಸರಿ ಯಾಕೆ ಬಂತು, ಬಂದಿದ್ದಕ್ಕೇ ಸೋತರೋ ಇಲ್ಲ ಗೆದ್ದರೋ, ಕೇಸರಿ ಯಾರಪ್ಪಂದು... ಚಹಾ ಆರಿ ಹೋಯ್ತು, ಜಗಳ ಆರಲಿಲ್ಲ. ಅವತ್ತು ರಾತ್ರಿನೇ ನಿರ್ಧಾರ ಮಾಡಿದೆ, ಬರೆದೇ ಬಿಡೋಣ ಅಂತ.

ನನ್ನ ಮಾತು ಇಷ್ಟೇ: ತಂಡಕ್ಕೆ ಎರಡನೇ ಅಂಗಿ ಇರೋದು ಕಣ್ಣಿಗೋಸ್ಕರ. ದೇವರಿಗೋಸ್ಕರ ಅಲ್ಲ, ಪಕ್ಷಕ್ಕೋಸ್ಕರ ಅಲ್ಲ, ಅದೃಷ್ಟಕ್ಕೋಸ್ಕರವೂ ಅಲ್ಲ. ಓಡ್ತಾ ಓಡ್ತಾ ತಲೆ ಎತ್ತಿದಾಗ ನನ್ನವನು ಯಾರು, ಎದುರಿನವನು ಯಾರು ಅಂತ ಅರೆಕ್ಷಣದಲ್ಲಿ ಗೊತ್ತಾಗಬೇಕು. ಅಷ್ಟೇ ಅದರ ಕೆಲಸ. ನಾವು ಅದಕ್ಕೆ ಬೇರೆ ಕೆಲಸ ಹಚ್ಚಿದ್ದೀವಿ.

ಮೊದಲು ಆ ಕುಖ್ಯಾತ ಮ್ಯಾಚಿನ ಕಥೆ. 2019ರ ಜೂನ್ 30, ಬರ್ಮಿಂಗ್‌ಹ್ಯಾಮ್‌ನ ಎಡ್ಜ್‌ಬಾಸ್ಟನ್, ವಿಶ್ವಕಪ್ ಕ್ರಿಕೆಟ್. ಇಂಗ್ಲೆಂಡಿನದೂ ನೀಲಿ, ನಮ್ಮದೂ ನೀಲಿ. ಇಂಗ್ಲೆಂಡ್ ಆತಿಥೇಯ, ಆದ್ದರಿಂದ ಅವರ ಬಣ್ಣ ಉಳೀತು, ನಾವು ಬದಲಾಯಿಸಬೇಕಾಯ್ತು. ಎದೆ ಮೇಲೆ ಕಡುನೀಲಿ, ಬೆನ್ನು ತೋಳಿಗೆ ಕಿತ್ತಳೆ. ಇಂಗ್ಲೆಂಡ್ 337, ನಾವು 306. 31 ರನ್‌ಗಳ ಸೋಲು, ಆ ಟೂರ್ನಿಯಲ್ಲಿ ನಮ್ಮ ಮೊದಲ ಸೋಲು. ಬೇರ್‌ಸ್ಟೋ 111 ಹೊಡೆದ, ನಮ್ಮ ರಾಹುಲ್ ಸೊನ್ನೆಗೆ ಔಟಾದ. ಕಾರಣ ಹುಡುಕೋರಿಗೆ ಸ್ಕೋರ್‌ಕಾರ್ಡಿನಲ್ಲೇ ಬೇಕಾದಷ್ಟಿತ್ತು. ಆದರೆ ಮೆಹಬೂಬಾ ಮುಫ್ತಿಯವರು ಗೆಲುವಿನ ಓಟ ನಿಲ್ಲಿಸಿದ್ದು ಜೆರ್ಸಿನೇ ಅಂತ ಟ್ವೀಟ್ ಮಾಡಿದರು. ಮ್ಯಾಚಿಗೂ ಮುಂಚೆನೇ ಒಂದು ಗುಂಪು "ತಂಡವನ್ನ ಕೇಸರೀಕರಣ ಮಾಡ್ತಿದ್ದಾರೆ" ಅಂತ ಕೂಗ್ತಿತ್ತು, ಇನ್ನೊಂದು ಗುಂಪು "ಹೌದು, ಕೇಸರಿ ನಮ್ಮದು, ಏನೀಗ?" ಅಂತ ಎದೆ ತಟ್ಟಿಕೊಳ್ತಿತ್ತು. ಇಬ್ಬರೂ ಒಂದೇ ತಪ್ಪು ಮಾಡಿದರು. ಅಂಗಿಯನ್ನ ಬಾವುಟ ಅಂದ್ಕೊಂಡರು.

ಅಂಗಿಯಿಂದಲೇ ಸೋತರು ಅನ್ನೋರಿಗೆ ಒಂದು ಲೆಕ್ಕ. 10 ದಿನ ಬಿಟ್ಟು ಮ್ಯಾಂಚೆಸ್ಟರ್‌ನಲ್ಲಿ ನ್ಯೂಜಿಲೆಂಡ್ ಎದುರು ಸೆಮಿಫೈನಲ್ ಸೋತಾಗ ಮೈಮೇಲಿದ್ದದ್ದು ನೀಲಿ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ದೇಶಕ್ಕೆ ದೇಶವೇ ಅತ್ತಾಗಲೂ ನೀಲಿಯೇ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಾಗ ನೀಲಿ ಅಂಗಿಗೆ ಕೇಸರಿ ತೋಳಿತ್ತು. ಈಗ ಹೇಳಿ, ಯಾವ ಬಣ್ಣಕ್ಕೆ ಶನಿ ಹಿಡಿದಿದೆ?

ಕ್ರಿಕೆಟ್ ಈ ಎರಡನೇ ಅಂಗಿಯ ಪದ್ಧತಿಯನ್ನ ತಂದದ್ದು ಫುಟ್‌ಬಾಲ್ ನೋಡಿ. ಹಾಗಾಗಿ ಅಲ್ಲಿನ ಇತಿಹಾಸ ಸ್ವಲ್ಪ ನೋಡೋಣ. ತುಂಬಾ ಮಜವಾಗಿದೆ :)

1958ರ ವಿಶ್ವಕಪ್ ಫೈನಲ್, ಸ್ವೀಡನ್ ಮತ್ತು ಬ್ರೆಜಿಲ್. ಎರಡೂ ಹಳದಿ. ಬ್ರೆಜಿಲ್ ಬದಲಾಯಿಸಬೇಕಾಯ್ತು, ಆದರೆ ಅವರ ಹತ್ತಿರ ಎರಡನೇ ಅಂಗಿ ಇರಲೇ ಇಲ್ಲ! ಸ್ಟಾಕ್‌ಹೋಮ್‌ನ ಅಂಗಡಿಯಿಂದ ನೀಲಿ ಅಂಗಿ ಕೊಂಡು ತಂದು, ಹಳದಿ ಅಂಗಿಯ ಲಾಂಛನ ಬಿಚ್ಚಿ ಅದರ ಮೇಲೆ ಹೊಲಿದರು. ಹುಡುಗರು ಅಪಶಕುನ ಅಂತ ಅಳುಕಿದಾಗ ತಂಡದ ಮುಖ್ಯಸ್ಥ ಪಾವ್ಲೊ ಮಶಾದೊ ಜಿ ಕರ್ವಾಲ್ಯೊ, ನೀಲಿ ನಮ್ಮ ಅಪರೆಸಿಡಾ ಮಾತೆಯ ಸೆರಗಿನ ಬಣ್ಣ ಅಂತ ಧೈರ್ಯ ತುಂಬಿದರಂತೆ. 5-2 ಗೆಲುವು. ಅಲ್ಲೂ ಬಣ್ಣಕ್ಕೆ ದೇವರು ಬಂದಳು, ಒಪ್ತೀನಿ. ಆದರೆ ಹೆದರಿದವರಿಗೆ ಧೈರ್ಯ ಹೇಳೋಕೆ ಬಂದಳು, ಇನ್ನೊಬ್ಬರನ್ನ ಹೆದರಿಸೋಕಲ್ಲ.

ಇಂಗ್ಲೆಂಡ್ ಇಲ್ಲಿವರೆಗೆ ಗೆದ್ದಿರೋ ಒಂದೇ ಪುರುಷರ ವಿಶ್ವಕಪ್ 1966ರದ್ದು. ಆ ಫೈನಲ್‌ನಲ್ಲಿ ತಮ್ಮದೇ ವೆಂಬ್ಲಿಯಲ್ಲಿ ಅವರು ತೊಟ್ಟಿದ್ದು ತಮ್ಮ ಬಿಳಿ ಅಂಗಿಯಲ್ಲ, ಎರಡನೇ ಕೆಂಪು ಅಂಗಿ. ಇನ್ನು ಪಶ್ಚಿಮ ಜರ್ಮನಿಯ ಎರಡನೇ ಅಂಗಿ ಹಸಿರು. 1986ರ ಫೈನಲ್‌ನಲ್ಲಿ ಅದನ್ನ ತೊಟ್ಟು ಅರ್ಜೆಂಟೀನಾಗೆ 3-2ರಲ್ಲಿ ಸೋತರು. 1990ರ ಸೆಮಿಫೈನಲ್‌ನಲ್ಲಿ ಅದೇ ಹಸಿರು ತೊಟ್ಟು ಇಂಗ್ಲೆಂಡನ್ನ ಪೆನಾಲ್ಟಿಯಲ್ಲಿ ಮಣಿಸಿದರು. ಹಸಿರು ಯಾಕೆ ಅಂದ್ರೆ ಅದು ಅವರ ಫುಟ್‌ಬಾಲ್ ಸಂಸ್ಥೆಯ ಲಾಂಛನದ ಬಣ್ಣ. ನಮ್ಮಲ್ಲಿ ಆಗಿದ್ದರೆ? ಊಹಿಸಿಕೊಳ್ಳಿ...

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1986ರ ಕ್ವಾರ್ಟರ್‌ಫೈನಲ್ ಕಥೆ. ಅರ್ಜೆಂಟೀನಾದ ಎರಡನೇ ನೀಲಿ ಅಂಗಿ ದಪ್ಪ ಹತ್ತಿಯದು. ಮೆಕ್ಸಿಕೋದ ಮಧ್ಯಾಹ್ನದ ಬಿಸಿಲಿಗೆ ಬೆವರು ಕುಡಿದು ಭಾರ ಆಗ್ತಿತ್ತು. ಕೋಚ್ ಬಿಲಾರ್ಡೊ ಹಗುರ ಅಂಗಿ ಬೇಕು ಅಂದ, ಕಂಪನಿಗೆ ಅಷ್ಟು ಬೇಗ ಕೊಡೋಕಾಗಲಿಲ್ಲ. ಮೆಕ್ಸಿಕೋ ಸಿಟಿಯ ಅಂಗಡಿಗಳಲ್ಲಿ ಹುಡುಕಿ ಎರಡು ನಮೂನೆ ತಂದರು. ಮರಡೋನಾ ಒಂದನ್ನ ಮೆಚ್ಚಿದ. ಅವಸರದಲ್ಲಿ ಲಾಂಛನ ಹೊಲಿದು, ಬೆನ್ನಿಗೆ ಅಮೆರಿಕನ್ ಫುಟ್‌ಬಾಲ್ ಥರದ ಬೆಳ್ಳಿ ಬಣ್ಣದ ನಂಬರ್ ಇಸ್ತ್ರಿ ಮಾಡಿ ಅಂಟಿಸಿದರು. ಅಂಥ ಬಜಾರ್ ಅಂಗಿಯಲ್ಲೇ ಆ 'ದೇವರ ಕೈ' ಗೋಲು, ಅದರ ಬೆನ್ನಿಗೇ ಅರ್ಧ ಇಂಗ್ಲೆಂಡನ್ನ ದಾಟಿಕೊಂಡು ಹೋಗಿ ಹೊಡೆದ ಗೋಲು. 2022ರಲ್ಲಿ ಆ ಅಂಗಿ 71 ಲಕ್ಷ ಪೌಂಡಿಗೂ ಹೆಚ್ಚಿಗೆ ಹರಾಜಾಯ್ತು.

1978ರಲ್ಲಂತೂ ಇನ್ನೂ ಚೆನ್ನ. ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾದಲ್ಲಿ ಫ್ರಾನ್ಸ್-ಹಂಗೆರಿ ಪಂದ್ಯ. ಎರಡೂ ತಂಡ ಬಿಳಿ ಅಂಗಿ ಹಿಡಿದು ಬಂದಿವೆ! ಕೊನೆಗೆ ಆ ಊರಿನ ಕಿಂಬರ್ಲಿ ಅನ್ನೋ ಕ್ಲಬ್ಬಿನ ಹಸಿರು-ಬಿಳಿ ಪಟ್ಟೆಯ ಅಂಗಿ ಎರವಲು ಪಡೆದು ಫ್ರಾನ್ಸ್ ಆಡಿತು, 3-1 ಗೆದ್ದಿತು. ಒಂದು ದೇಶದ ತಂಡ ಪರ ಊರಿನ ಕ್ಲಬ್ಬಿನ ಅಂಗಿ ತೊಟ್ಟರೂ ದೇಶದ ಮಾನ ಹೋಗಲಿಲ್ಲ. ನೋಡೋರಿಗೆ ಗೊತ್ತಾದರೆ ಸಾಕಿತ್ತು.

ಇನ್ನೊಂದು ವಿಷಯ. ಬಣ್ಣ ಬದಲಾಯಿಸಬೇಕಾದವರು ಅತಿಥಿಗಳೇ ಅನ್ನೋದು ಅನಾದಿ ನಿಯಮ ಅಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನಲ್ಲಿ ಮೊದಲು ಮನೆಯವರೇ ಬದಲಾಯಿಸಬೇಕಿತ್ತು. 1921ರಲ್ಲಿ ಅದು ಅತಿಥಿಗಳ ಹೆಗಲಿಗೆ ಬಂತು. ಮನೆಗೆ ಬಂದವರಿಗೆ ಒಳ್ಳೇ ಚಾಪೆ ಹಾಸೋದು ನಮ್ಮ ಕಡೆ ಪದ್ಧತಿ, ಹಾಗಾಗಿ ನನಗೆ ಹಳೇ ನಿಯಮನೇ ಸರಿ ಅನ್ಸುತ್ತೆ. ಅದಿರಲಿ. ನಿಯಮ ಯಾವುದೇ ಇರಲಿ, ಅದು ಕೇಳೋದು ಒಂದೇ ಪ್ರಶ್ನೆ: ಇಬ್ಬರನ್ನೂ ಬೇರೆ ಬೇರೆ ಗುರುತಿಸಬಹುದಾ?

ಇಷ್ಟು ಹೊತ್ತು ಊರ ಮೇಲಿನ ಕಥೆ ಹೇಳಿದೆ. ಈಗ ನನ್ನದು. ನಿಜ ಹೇಳಬೇಕಂದ್ರೆ ಇದನ್ನ ಹೇಳೋಕೇ ಇಷ್ಟೆಲ್ಲಾ ಪೀಠಿಕೆ.

2010ರಲ್ಲಿ ನಾನು ಹೈಸ್ಕೂಲು ಹುಡುಗ. ನಮ್ಮೂರಲ್ಲಿ ಕ್ರಿಕೆಟ್ಟೇ ಎಲ್ಲ. ಆದರೆ ಆ ವರ್ಷ ದಕ್ಷಿಣ ಆಫ್ರಿಕಾದ ವಿಶ್ವಕಪ್ ಬಂತು, ವುವುಝೆಲಾ ಸದ್ದು ಚಿಂಚೋಳಿ ತನಕ ಕೇಳಿಸ್ತು. ಮಳೆಗಾಲ, ಕಾಲಿಗೆ ಅಂಟೋ ಎರೆಮಣ್ಣು, ಒಂದೇ ಬಾಲು. ಎರಡು ಓಣಿ, ಎರಡು ತಂಡ. ಅಲ್ಲಿವರೆಗೆ ನಮ್ಮ 'ಅವೇ ಕಿಟ್' ಅಂದ್ರೆ ಒಂದು ತಂಡ ಅಂಗಿ ಬಿಚ್ಚೋದು, ಅಷ್ಟೇ. ಆ ಸಲ ದೊಡ್ಡವರು ಚಂದಾ ಎತ್ತಿ ಟೀ ಶರ್ಟ್ ತಂದುಕೊಟ್ಟರು. ನಮ್ಮ ಓಣಿಗೆ ಕೆಂಪು, ಆ ಕಡೆ ಓಣಿಗೆ ಹಸಿರು. ಆ ಓಣಿಯಲ್ಲಿ ಮುಸ್ಲಿಮರ ಮನೆ ಜಾಸ್ತಿ. ನಮ್ಮ ತಂಡದಲ್ಲೂ ಒಬ್ಬ ಮುಸ್ಲಿಂ ಹುಡುಗ ಇದ್ದ, ನನ್ನ ಜೀವದ ಗೆಳೆಯ, ನಮ್ಮಲ್ಲೇ ಚೆನ್ನಾಗಿ ಆಡೋನು.

ಅವತ್ತು ಅವನು ಒಂದಲ್ಲ, ಎರಡಲ್ಲ, ಮೂರು ಸಲ ಬಾಲನ್ನ ನೇರವಾಗಿ ಹಸಿರಂಗಿಯವರ ಕಾಲಿಗೇ ಕೊಟ್ಟ. ಮೂರನೇದು ಗೋಲಾಯ್ತು. ಸೋತೆವು. ಮುಂದೆ ಏನು ಮಾತು ಬಂತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. "ತನ್ನವರಿಗೇ ಕೊಟ್ಟ" ಅಂದರು. ಅವನು ತಲೆ ತಗ್ಗಿಸಿ ನಿಂತಿದ್ದ. ಅಂದವರಲ್ಲಿ ನಾನೂ ಒಬ್ಬ. ಇದನ್ನ ಬರೆಯೋಕೆ ಕೈ ನಡುಗ್ತಿದೆ, ಆದರೂ ಬರೀತೀನಿ. ನಾನೂ ಅಂದೆ. ಅವನು ಮತ್ತೆ ಯಾವತ್ತೂ ನಮ್ಮ ಜೊತೆ ಆಡೋಕೆ ಬರಲಿಲ್ಲ.

ವಾಡಿ ಜಂಕ್ಷನ್ನಿನಲ್ಲಿ ರೈಲು ನೋಡಿ ಬೆಳೆದ ಆಸೆ ಅವನದು, ರೈಲು ಓಡಿಸಬೇಕು ಅಂತ. ಓದಿ, ಲಿಖಿತ ಪರೀಕ್ಷೆನೂ ಪಾಸಾದ. ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ಮುಂದಿಟ್ಟು ಯಾವ ಅಂಕಿ ಕಾಣ್ತಿದೆ ಅಂತ ಕೇಳಿದರಂತೆ. ಅವನಿಗೆ ಬರೀ ಚುಕ್ಕೆ ಕಂಡವು. ಅವತ್ತೇ ಅವನಿಗೂ ಗೊತ್ತಾದದ್ದು, ತನಗೆ ಕೆಂಪು-ಹಸಿರು ಭೇದ ಸರಿಯಾಗಿ ಕಾಣಲ್ಲ ಅಂತ. ಫೋನಿನಲ್ಲಿ ಹೇಳಿದ, "ಆ ಮ್ಯಾಚಿನ್ಯಾಗ ನನಗ ಎರಡೂ ಟೀಮು ಒಂದೇ ಥರ ಕಾಣ್ತಿದ್ವು ಲೇ. ಹೇಳಿದ್ರ ನೀವು ನಂಬ್ತಿದ್ದಿಲ್ಲ ಬಿಡು."

ನಂಬ್ತಿರಲಿಲ್ಲ. ಅವನ ಹೆಸರು ಬೇರೆ ಇದ್ದಿದ್ದರೆ "ಕಣ್ಣು ಕಾಣಲ್ವಾ ನಿನಗೆ?" ಅಂತ ಬೈತಿದ್ವಿ. ಆ ಬೈಗುಳ ನಿಜಕ್ಕೆ ಹತ್ತಿರ ಇರ್ತಿತ್ತು. ಅವನ ಹೆಸರು ಅದಾಗಿದ್ದಕ್ಕೆ ಕಣ್ಣಿನ ವಿಷಯ ನಮಗೆ ಹೊಳೆಯಲೇ ಇಲ್ಲ, ಧರ್ಮ ಹೊಳೀತು. ಅಂಗಿಗೆ ಧರ್ಮ ಹಚ್ಚಿದರೆ ಏನಾಗುತ್ತೆ ಅಂತ ಕೇಳೋರಿಗೆ ಇದೇ ನನ್ನ ಉತ್ತರ.

ಇದು ನಮ್ಮ ಓಣಿಯ ದಡ್ಡತನ ಮಾತ್ರ ಅಲ್ಲ. ಯುರೋಪಿನ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಈ ವರ್ಣದೋಷ ಇದೆ. ಆದರೂ 2018ರ ವಿಶ್ವಕಪ್ಪಿನ ಮೊಟ್ಟಮೊದಲ ಪಂದ್ಯದಲ್ಲೇ ರಷ್ಯಾ ಕೆಂಪು, ಸೌದಿ ಅರೇಬಿಯಾ ಹಸಿರು. ಮಾಮೂಲಿ ಕಣ್ಣಿಗೆ ಚೆಂದ. ವರ್ಣದೋಷ ಇದ್ದವರಿಗೆ 22 ಜನರ ಒಂದೇ ತಂಡ. ಜಗತ್ತಿನ ಅತಿ ದೊಡ್ಡ ಟೂರ್ನಿ ನಡೆಸೋರು ಇದನ್ನ ಒಮ್ಮೆ ಟೆಸ್ಟ್ ಮಾಡಿ ನೋಡಬಾರದಿತ್ತಾ? ನಮ್ಮ ಕೆಲಸದಲ್ಲಿ ಒಂದು ಬಟನ್ನಿನ ಬಣ್ಣಕ್ಕೂ ಈ ಚೆಕ್ ಮಾಡ್ತೀವಿ. ಎರಡನೇ ಅಂಗಿ ಬಗ್ಗೆ ಜಗಳ ಆಡಲೇಬೇಕು ಅಂದ್ರೆ ಇಂಥದ್ದಕ್ಕೆ ಆಡಿ, ನಾನೂ ಬರ್ತೀನಿ.

"ಕ್ರಿಕೆಟ್‌ನಲ್ಲಿ ಇದರ ಅಗತ್ಯನೇ ಇರಲಿಲ್ಲ, ಮೈದಾನದಲ್ಲಿ ಎದುರಾಳಿಗಳು ಇಬ್ಬರೇ ಇರ್ತಾರೆ, ಬ್ಯಾಟ್ ಹಿಡಿದಿರ್ತಾರೆ" ಅಂತ ಯಾರಾದರೂ ವಾದ ಮಾಡಿದರೆ ಒಪ್ಪಬಹುದು. "ಹೊಸ ಜೆರ್ಸಿ ಮಾರೋಕೆ ಇದೊಂದು ನೆಪ" ಅಂದರೂ ಸುಳ್ಳಲ್ಲ. ಇವು ವಾದಗಳು. ಕೇಸರಿ-ಹಸಿರು ಅಂತ ಕಿರುಚೋದು ವಾದ ಅಲ್ಲ.

ಇನ್ನು ಅಂಗಿಗೆ ಇಷ್ಟು ಬಡಿದಾಡೋರು ಆಟ ಎಷ್ಟು ನೋಡ್ತಾರೆ? ಅದೇ 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ನಮ್ಮ ಫುಟ್‌ಬಾಲ್ ತಂಡ ಏಷ್ಯಾ ಚಾಂಪಿಯನ್ ಕತಾರ್ ಜೊತೆ 0-0 ಡ್ರಾ ಮಾಡಿತು. ಛೆಟ್ರಿ ಇಲ್ಲದೆ! ಗೋಲಿನಲ್ಲಿ ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಗೋಡೆ ಥರ ನಿಂತಿದ್ದ. ಅವತ್ತು ನಮ್ಮವರು ಯಾವ ಅಂಗಿ ತೊಟ್ಟಿದ್ದರು ಅಂತ ನಮ್ಮ ಚಹಾದಂಗಡಿಯಲ್ಲಿ ಯಾರೂ ಕೇಳಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹಲವರು ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 2-1ರಲ್ಲಿ ಸೋತಾಗ, ನಮ್ಮ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ತಂತು. ಈ ಹೆಸರು, ಈ ತಾರೀಖು ಗೊತ್ತಿದ್ದವರು ಎಷ್ಟು ಜನ? ಅಂಗಿಯ ಬಣ್ಣ ಮಾತ್ರ ಎಲ್ಲರಿಗೂ ಬಾಯಿಪಾಠ.

ಕೊನೆಗೆ, ಮೊನ್ನೆಯ ಚಹಾದಂಗಡಿ. ಜಗಳ ನಡೀತಿದ್ದಾಗ ನನ್ನ ಪಕ್ಕ ಕೂತಿದ್ದವನು ಅದೇ ಗೆಳೆಯ. ಅವನು ಎಡ್ಜ್‌ಬಾಸ್ಟನ್ ಮ್ಯಾಚ್ ನೆನಪು ಮಾಡಿಕೊಂಡು ಮೆಲ್ಲಗೆ ಹೇಳಿದ, "ಸೋತಿದ್ದು ಖರೆ. ಆದ್ರ ಆ ಮ್ಯಾಚ್ ನನಗ ಭಾಳ ಛಲೋ ಕಂಡಿತ್ತು ನೋಡು. ನಮ್ಮವರು ಯಾರು, ಅವರು ಯಾರು, ಒಮ್ಮಿಗೇ ಗೊತ್ತಾಗ್ತಿತ್ತು."

ನೀಲಿ ಮತ್ತು ಕಿತ್ತಳೆ. ಅವನ ಕಣ್ಣಿಗೆ ಇದಕ್ಕಿಂತ ಸ್ಪಷ್ಟವಾದ ಜೋಡಿ ಇಲ್ಲ. 2010ರ ವಿಶ್ವಕಪ್ ಫೈನಲ್ ಕೂಡ ಹೀಗೇ ಇತ್ತು. ನೆದರ್ಲೆಂಡ್ಸ್ ಕಿತ್ತಳೆ, ಸ್ಪೇನ್ ತನ್ನ ಕೆಂಪು ಬಿಟ್ಟು ಎರಡನೇ ಕಡುನೀಲಿ ಅಂಗಿ, 116ನೇ ನಿಮಿಷದಲ್ಲಿ ಇನಿಯೆಸ್ತಾ ಗೋಲು. ಆ ರಾತ್ರಿ ಅವನೂ ನಾನೂ ಒಂದೇ ಟಿವಿ ಮುಂದೆ ಕೂತಿದ್ವಿ. ಪ್ರತಿ ಪಾಸೂ ಅವನೇ ಮೊದಲು ಹೇಳ್ತಿದ್ದ. ಅದಾದ ಕೆಲವೇ ವಾರಕ್ಕೆ ನಮ್ಮ ಕೆಂಪು-ಹಸಿರು ಮ್ಯಾಚ್.

ಇಡೀ ದೇಶ ಕೇಸರಿ ನೋಡಿ ಬಡಿದಾಡ್ತಿದ್ದಾಗ ಅವನೊಬ್ಬ ಆಟ ನೋಡಿದ್ದ. ನಾನು ಅವನ ಹತ್ತಿರ ಕ್ಷಮೆ ಕೇಳಿದೆ, 15 ವರ್ಷ ತಡವಾಗಿ. "ಬಿಡಲೇ, ಚಹಾ ಕುಡಿ" ಅಂದ.

ನೀವೇನಂತೀರಿ ಗೊತ್ತಿಲ್ಲ. ಬೈಯೋದಿದ್ದರೆ ಬೈಯಿರಿ. ಆದರೆ ಮುಂದಿನ ಸಲ ತಂಡ ಬೇರೆ ಬಣ್ಣ ತೊಟ್ಟು ಬಂದಾಗ, ಅದು ಯಾರ ಬಣ್ಣ ಅಂತ ಕೇಳೋ ಮೊದಲು, ಅದು ಎಲ್ಲರಿಗೂ ಕಾಣುತ್ತಾ ಅಂತ ಒಮ್ಮೆ ಕೇಳಿ.