ರೇಟಿಂಗ್ ಕೊಟ್ಟವರು ಕಾರಣವನ್ನೂ ಕೊಡಲಿ

ಅಪ್ರೈಸಲ್ ದಿನಗಳು ಬಂದವೆಂದರೆ ಸುಬ್ರಹ್ಮಣ್ಯಪುರ ಮುಖ್ಯರಸ್ತೆಯಲ್ಲಿ ಆಫೀಸಿನ ಕ್ಯಾಬ್ ಕಾಯುವವರ ಮಾತೆಲ್ಲ ಅದರದೇ. ಕಂಪನಿ ರೇಟಿಂಗ್ ಪದ್ಧತಿ ಬದಲಿಸಿದೆ ಎಂದರಂತೂ ಖುಷಿಗಿಂತ ಅನುಮಾನವೇ ಹೆಚ್ಚು. ಜನಕ್ಕೆ ಹೊಸದು ಒಗ್ಗುವುದಿಲ್ಲ ಎಂದು ಎಚ್‌ಆರ್‌ನವರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪಲಾರೆ.

ಹಳೆಯ ಪದ್ಧತಿಯಾದ ಬೆಲ್ ಕರ್ವ್ ಯಾರಿಗೂ ಪ್ರಿಯವಾಗಿರಲಿಲ್ಲ. ತಂಡದ ಹತ್ತೂ ಜನ ಚೆನ್ನಾಗಿ ದುಡಿದರೂ ಒಬ್ಬರನ್ನು ಕೊನೆಯ ಸಾಲಿಗೆ ತಳ್ಳಲೇಬೇಕೆಂಬ ಲೆಕ್ಕ ಅದು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ 20-70-10 (ಶೇಕಡಾ 20 ಮೇಲಿನವರು, 70 ನಡುವಿನವರು, 10 ಕೊನೆಯವರು) ಎಂದು ಅದನ್ನು ಮೆರೆಸಿದರು. ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು, ಆಮೇಲೆ ನಮ್ಮ ಇನ್ಫೋಸಿಸ್ ಕೂಡ. ಒಳ್ಳೆಯದೇ ಆಯಿತು. ಆದರೆ ಕರ್ವ್ ಹೋದರೂ ಸಂಬಳ ಏರಿಕೆಗೆಂದು ಎತ್ತಿಟ್ಟ ದುಡ್ಡಿಗೆ ಮಿತಿ ಇದ್ದೇ ಇರುತ್ತದೆ; ಒಬ್ಬರಿಗೆ ಹೆಚ್ಚಿದರೆ ಇನ್ನೊಬ್ಬರಿಗೆ ಇಳಿಯಬೇಕು. ಮೊದಲು ‘ನನಗ್ಯಾಕೆ ಸಾರ್ ಮೂರು?’ ಎಂದಾದರೂ ಕೇಳಬಹುದಿತ್ತು. ಅಂಕವನ್ನೇ ತೆಗೆದ ಕಡೆ ಕೇಳುವುದೇನನ್ನು? ಅನುಮಾನ ಹುಟ್ಟುವುದು ಅಲ್ಲಿ.

ಮುಚ್ಚಿಟ್ಟರೆ ಅನುಮಾನ ಹುಟ್ಟುತ್ತದೆ ಎಂಬ ಈ ಪಾಠವನ್ನು ಸರಕಾರಿ ನೌಕರಿ ಕೋರ್ಟಿನಲ್ಲಿ ಕಲಿತಿದೆ. ಗಡಿ ರಸ್ತೆ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ದೇವ್ ದತ್ ಅವರ 1993-94ರ ಗೋಪ್ಯ ವರದಿಯಲ್ಲಿ ‘ಗುಡ್’ ಎಂದಿತ್ತು. ಬಡ್ತಿಗೆ ಹಿಂದಿನ ಐದೂ ವರ್ಷ ‘ವೆರಿ ಗುಡ್’ ಬೇಕಿತ್ತು. ಹೊಗಳಿಕೆಯಂತೆ ಕಾಣುವ ಆ ಒಂದು ಪದ ಅವರ ಬಡ್ತಿ ತಪ್ಪಿಸಿತು. ಪ್ರತಿಕೂಲ ಷರಾ ಮಾತ್ರ ತಿಳಿಸುವ ರೂಢಿಯಿದ್ದುದರಿಂದ ಅದನ್ನು ಅವರಿಗೆ ತೋರಿಸಿಯೂ ಇರಲಿಲ್ಲ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿ ಷರಾವನ್ನೂ ನೌಕರರಿಗೆ ತಿಳಿಸಬೇಕು, ಅವರ ಮನವಿ ಕೇಳಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಕೇಂದ್ರ ಸರಕಾರ ವರದಿಯ ಹೆಸರಿನಿಂದ ‘ಗೋಪ್ಯ’ವನ್ನು ಕಿತ್ತು, ಮನವಿಗೆ 15 ದಿನ ಗೊತ್ತುಮಾಡಿತು. ಅಂಕ ಹಾಕುವುದು ಅಲ್ಲಿ ನಿಲ್ಲಲಿಲ್ಲ, ಹತ್ತಕ್ಕೆ ಇಷ್ಟು ಎಂದು ಈಗಲೂ ಬರೆಯುತ್ತಾರೆ. ಬರೆದದ್ದನ್ನು ಓದಿ ಉತ್ತರಿಸುವ ದಾರಿಯೊಂದು ತೆರೆಯಿತು.

ತೋರಿಸಲೇಬೇಕೆಂದರೆ ಮೇಲಿನವರು ಮುಲಾಜಿಗೆ ಬಿದ್ದು ಎಲ್ಲರಿಗೂ ಒಳ್ಳೆಯ ಅಂಕ ಹಾಕುತ್ತಾರೆ ಎಂಬ ಆಕ್ಷೇಪವಿದೆ. ನಿಜ, ಹಾಗಾಗುತ್ತದೆ. ಆದರೂ ಕಾಣದ ಒಂದು ಪದದಿಂದ ವರ್ಷಗಳ ದುಡಿಮೆ ಕೊಚ್ಚಿಹೋಗುವುದಕ್ಕಿಂತ ಅದು ಸಣ್ಣ ನಷ್ಟ.

ಸರಕಾರಿ ಸೇವೆಯ ಆ ತೀರ್ಪು ಖಾಸಗಿ ಕಂಪನಿಯ ಬಾಗಿಲು ದಾಟುವುದಿಲ್ಲ. ದಾಟಲೆಂದು ಕಾಯಬೇಕಾಗಿಯೂ ಇಲ್ಲ. ಹೊಸ ಪದ್ಧತಿ ತರುವ ಕಂಪನಿ ಹೈಕ್ ಪತ್ರಕ್ಕೆ ಮೊದಲೇ ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ, ಉತ್ತರಿಸಲು ಹದಿನೈದು ದಿನ ಬಿಡಲಿ, ಆ ಉತ್ತರವನ್ನು ಅದೇ ಮ್ಯಾನೇಜರ್ ಬಿಟ್ಟು ಇನ್ನೊಬ್ಬರು ಓದಲಿ.