ಹಳೆಯ ಮನೆಯನ್ನು ಒಡೆಯಬೇಡಿ, ಬಿಚ್ಚಿರಿ

ಕಳೆದ ತಿಂಗಳು ಸ್ವಂತ ಕೆಲಸದ ಮೇಲೆ ಹುಬ್ಬಳ್ಳಿಯ ಕಮರಿಪೇಟೆಗೆ ಹೋಗಿದ್ದೆ. ಓಣಿಯೊಂದರಲ್ಲಿ ಮಣ್ಣಿನ ಗೋಡೆಯ ಹಳೆಯ ಮನೆಯನ್ನು ಕೆಡವುತ್ತಿದ್ದರು. ಬೆಳಿಗ್ಗೆ ನಾನು ಹೋಗುವಾಗ ಪಡಸಾಲೆಯ ಕಂಬಗಳು ಇನ್ನೂ ನಿಂತಿದ್ದವು. ಸಂಜೆ ಮರಳುವಷ್ಟರಲ್ಲಿ ಜೇಸಿಬಿ ಎಲ್ಲವನ್ನೂ ಒಂದೇ ಗುಡ್ಡೆ ಮಾಡಿತ್ತು. ಸೀಳಿದ ಸಾಗವಾನಿ ತೊಲೆ, ಚೂರಾದ ಶಹಾಬಾದ ಕಲ್ಲು, ಮಣ್ಣು, ಇಟ್ಟಿಗೆ ಎಲ್ಲವೂ ಕಲಸಿಕೊಂಡು ಟ್ರ್ಯಾಕ್ಟರ್ ಏರುತ್ತಿದ್ದವು. ದನದ ಕೊಟ್ಟಿಗೆಗೆ ಎರಡು ತೊಲೆ, ಒಂದು ಚೌಕಟ್ಟು ಸಿಕ್ಕೀತೆಂದು ಕುಂದಗೋಳ ಕಡೆಯಿಂದ ಬಂದಿದ್ದ ರೈತರೊಬ್ಬರು ಬರಿಗೈಯಲ್ಲಿ ನಿಂತಿದ್ದರು. "ಬಿಚ್ಚಾವ್ರು ಸಿಗೂದಿಲ್ರೀ ಸಾಹೇಬ್ರ. ಮಷಿನ್ ಒಂದ ದಿನದಾಗ ಮುಗಸ್ತೈತಿ" ಎಂದರು ಮನೆಯ ಯಜಮಾನರು.

ಅವರನ್ನು ದೂರುವ ಅಧಿಕಾರ ನನಗಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ನಮ್ಮೂರ ಮನೆಯ ಹಿಂಬದಿಯ ಗೋಡೆ ಕುಸಿಯಿತು. ಅವಸರದಲ್ಲಿ ನಾನೂ ಗುತ್ತಿಗೆದಾರರೊಬ್ಬರಿಗೆ "ಎಲ್ಲಾ ಒಯ್ದು ಜಾಗ ಸ್ವಚ್ಛ ಮಾಡಿಕೊಡಿ" ಎಂದುಬಿಟ್ಟೆ. ಅಜ್ಜನ ಕಾಲದ ಜಂತಿಗಳು ಹಾಗೆಯೇ ಹೋದವು. ಮರುವರ್ಷ ಕೊಟ್ಟಿಗೆ ಕಟ್ಟುವಾಗ ಅಂಥವೇ ಹಳೆಯ ಜಂತಿಗಳನ್ನು ದುಡ್ಡು ಕೊಟ್ಟು ತಂದೆ. ಹೊಲದ ಕಸವನ್ನು ಸುಡಬೇಡಿ ಎಂದು ಊರೂರಲ್ಲಿ ಹೇಳುವವನು, ನನ್ನ ಮನೆಯನ್ನೇ ಕಸವೆಂದು ಕಳಿಸಿಕೊಟ್ಟಿದ್ದೆ.

ರೈತನ ಮನೆಯಲ್ಲಿ ಕಸವೆಂಬುದು ಇರಲಿಲ್ಲ. ಕಣಿಕೆ ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ. ಮನೆಯ ಸಾಮಾನಿಗೂ ಇದೇ ದಾರಿಯಿತ್ತು. ತಾತನ ಮನೆಯ ಬಾಗಿಲು ಮೊಮ್ಮಗನ ಮನೆಗೆ ಬರುತ್ತಿತ್ತು. ಈ ದಾರಿಯನ್ನು ಮತ್ತೆ ಹಿಡಿಯಬೇಕು ಎಂಬುದೇ ನನ್ನ ಮಾತು. ಅದಕ್ಕೆ ಬೇಕಾದದ್ದು ಕೆಲವು ದಿನಗಳ ತಾಳ್ಮೆ ಮತ್ತು ಸ್ವಲ್ಪ ತಿಳಿವಳಿಕೆ.

ಮಣ್ಣಿನಲ್ಲಿ ಎರಡು ಬಗೆ

ಮೊದಲು ಮಣ್ಣನ್ನು ನೋಡೋಣ. ದನಕರುಗಳಿದ್ದ ಹಳೆಯ ಮನೆಯ ಗೋಡೆಮಣ್ಣಿನಲ್ಲಿ ವರ್ಷಗಳ ಗಂಜಲದ ಅಂಶ ಸೇರಿ ನೈಟ್ರೇಟ್ ಕೂಡಿಕೊಂಡಿರುತ್ತದೆ. ಹಿರಿಯರು ಅದನ್ನು ಹೊಲಕ್ಕೆ ಹೇರುತ್ತಿದ್ದುದು ಇದೇ ಕಾರಣಕ್ಕೆ. ಮಾಳಿಗೆಯ ಮೇಲಿನ ಮಣ್ಣಿನ ಸಂಗತಿ ಬೇರೆ. ಬಯಲುಸೀಮೆಯ ಅನೇಕ ಊರುಗಳಲ್ಲಿ ಮಾಳಿಗೆಗೆ ಸವುಳು ಅಥವಾ ಕರಲು ಮಣ್ಣು ಹಾಕುತ್ತಾರೆ. ಅದರಲ್ಲಿನ ಸೋಡಿಯಂನಿಂದ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುವುದರಿಂದ ನೀರು ಕೆಳಗೆ ಇಳಿಯುವುದಿಲ್ಲ. ಮಾಳಿಗೆಗೆ ಗುಣವಾದದ್ದು ಹೊಲಕ್ಕೆ ದೋಷ. ಆದ್ದರಿಂದ ಇವೆರಡನ್ನೂ ಬೇರೆ ಬೇರೆ ತೆಗೆದಿಡಿ. ಗೋಡೆಮಣ್ಣನ್ನೂ ಹೊಲಕ್ಕೆ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸಿಮೆಂಟಿನ ಪುಡಿ ಬೆರೆತ ಮಣ್ಣು ಬೇಡವೇ ಬೇಡ. ನಮ್ಮ ಎರೆಭೂಮಿ ಮೊದಲೇ ಕ್ಷಾರಗುಣದ್ದು.

ಹೊಲಕ್ಕೆ ಒಗ್ಗದ ಗೋಡೆಮಣ್ಣನ್ನು ನೀರು ಹಾಕಿ ತುಳಿದು ಮತ್ತೆ ಗೋಡೆ ಕಟ್ಟಬಹುದು. ಒಮ್ಮೆ ಗಟ್ಟಿಯಾದ ಸಿಮೆಂಟಿಗೆ ಈ ಗುಣವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು, ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಸುಡದ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ಮರಳಿನ ಅಂಶವಿರುವ ಕೆಂಪು ಮಣ್ಣು ಇದಕ್ಕೆ ಒಳ್ಳೆಯದು. ಬರಿಯ ಎರೆಮಣ್ಣು ಒಣಗಿದಾಗ ಬಿರಿಯುತ್ತದೆ.

ಇಟ್ಟಿಗೆ ಮತ್ತು ಕಟ್ಟಿಗೆ

ಸುಟ್ಟ ಇಟ್ಟಿಗೆಯ ಲೆಕ್ಕವನ್ನು ರೈತರೇ ಹಾಕಿ ನೋಡಬೇಕು. ಒಂದು ಇಟ್ಟಿಗೆ ಸುಮಾರು 3 ಕಿಲೋ ತೂಗುತ್ತದೆ. ಹತ್ತು ಸಾವಿರ ಇಟ್ಟಿಗೆ ಎಂದರೆ 30 ಟನ್ ಮಣ್ಣು. ಒಂದು ಎಕರೆಯಿಂದ ಅರ್ಧ ಸೆಂಟಿಮೀಟರ್ ಮೇಲ್ಮಣ್ಣು ಕೆತ್ತಿ ತೆಗೆದಂತೆ. ಉಳಿಸಿಕೊಂಡ ಪ್ರತಿ ಹಳೆಯ ಇಟ್ಟಿಗೆಯೂ ಯಾವುದೋ ಹೊಲದ ಹಿಡಿ ಮಣ್ಣನ್ನು ಉಳಿಸುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಹೆಚ್ಚಾಗಿ ಇಡಿಯಾಗಿಯೇ ಬಿಡಿಸಿ ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದನ್ನು ಬಿಡಿಸಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಬುನಾದಿಯ ಕಲ್ಲುಗಳು ಒಡ್ಡಿನ ಕೋಡಿಗೆ ಒದಗುತ್ತವೆ. ಅಕ್ಷರವಿರುವ ಅಥವಾ ಶಿಲ್ಪವಿರುವ ಕಲ್ಲು ಸಿಕ್ಕರೆ ಮಾತ್ರ ಅದನ್ನು ಹಾಗೆಯೇ ಬಿಟ್ಟು ತಹಶೀಲ್ದಾರರಿಗೆ ತಿಳಿಸಿ.

ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿ ಸಾಮಾನ್ಯವಾಗಿ ಮೊದಲು ಕೊಳೆಯುತ್ತದೆ. ಅಷ್ಟನ್ನು ಕೊಯ್ದು ಹಾಕಿದರೆ ಉಳಿದದ್ದು ಗಟ್ಟಿಯಾಗಿರುವುದೇ ಹೆಚ್ಚು. ಮೊಳೆ ಕಿತ್ತು, ಗೆದ್ದಲು ಹತ್ತದಂತೆ ಕಲ್ಲಿನ ಮೇಲೆ ಎತ್ತರಿಸಿ, ನೆರಳಲ್ಲಿ ಒಟ್ಟಬೇಕು. ಬಿಚ್ಚುವ ಕ್ರಮ ಕಟ್ಟಿದ್ದಕ್ಕೆ ವಿರುದ್ಧವಾಗಿರಲಿ: ಮೊದಲು ಮಾಳಿಗೆಯ ಮಣ್ಣಿನ ಭಾರ ಇಳಿಸಿ, ಆಮೇಲೆ ಜಂತಿ, ತೊಲೆ, ಕೊನೆಗೆ ಗೋಡೆ. ಮಳೆಯಲ್ಲಿ ನೆನೆದ ಗೋಡೆಯ ಹತ್ತಿರ ಯಾರೂ ಹೋಗಕೂಡದು.

ಸರ್ಕಾರ ಮಾಡಬೇಕಾದದ್ದು

ಕೂಲಿ ದುಬಾರಿ, ಬಡಿಗರು ಸಿಗುವುದಿಲ್ಲ ಎಂಬುದು ನಿಜ. ಇದನ್ನು ರೈತನೊಬ್ಬನ ತಲೆಗೆ ಕಟ್ಟಿದರೆ ಆಗದು. ಕಟ್ಟಡ ತ್ಯಾಜ್ಯದ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2025ರಲ್ಲಿ ಹೊಸ ನಿಯಮ ಪ್ರಕಟಿಸಿತು. ಇವುಗಳ ಕಣ್ಣು ಹೆಚ್ಚಾಗಿ ಪಟ್ಟಣದ ದೊಡ್ಡ ಕಟ್ಟಡಗಳ ಮೇಲಿದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ನೆರವು ಘೋಷಿಸಿತು. ಒಳ್ಳೆಯದೇ. ಇನ್ನು ಮುಂದೆ ಇಂಥ ನೆರವಿನ ಮೊದಲ ಕಂತಿನಲ್ಲಿ ಬಿಚ್ಚುವ ಕೂಲಿಯನ್ನೂ ಸೇರಿಸಲಿ. ಬಿಚ್ಚಿದ ಸಾಮಾನನ್ನು ಮಳೆ ತಾಗದಂತೆ ಇಡಲು ಪಂಚಾಯತಿ ಒಂದು ಜಾಗ ಗೊತ್ತುಮಾಡಲಿ. ಒಬ್ಬರಿಗೆ ಬೇಡವಾದ ಚೌಕಟ್ಟು ಇನ್ನೊಬ್ಬರಿಗೆ ಅಲ್ಲಿ ಸಿಗುವಂತಾಗಲಿ.

ಹೊಸ ಮನೆ ಕಟ್ಟುವವರಿಗೂ ಒಂದು ಮಾತು. ಸಾಧ್ಯವಿದ್ದಲ್ಲಿ ಬಾಗಿಲು, ಕಿಟಕಿ, ಕೊಟ್ಟಿಗೆಯ ತಗಡುಗಳನ್ನು ಬೋಲ್ಟು ಹಾಕಿ ಜೋಡಿಸಿ, ಮುಂದೆ ಬಿಚ್ಚಲು ಬರುವಂತಿರಲಿ. ನಿಮ್ಮ ಮೊಮ್ಮಕ್ಕಳೂ ಒಂದು ದಿನ ಈ ಮನೆಯನ್ನು ಇಳಿಸುವವರೇ.

ಈ ಬೇಸಿಗೆಯಲ್ಲಿ ಹಳೆಯ ಮನೆ ಕೆಡವುವ ವಿಚಾರವಿದ್ದರೆ, ಮಷಿನ್ ಕರೆಯುವ ಮೊದಲು ಊರ ಬಡಿಗರನ್ನು ಒಮ್ಮೆ ಕರೆದು ತೋರಿಸಿ. ನಾನು ಹಾಗೆ ಮಾಡಲಿಲ್ಲ. ನೀವಾದರೂ ಮಾಡಿ.